ಕದ್ದು ಕೇಳಿದ ಮಾತು ಎಲ್ಲಿ ಹೋಗುತ್ತದೆ?

ಕರ್ನಾಟಕದ ರಾಜಕೀಯ ಇತಿಹಾಸದಲ್ಲಿ 1988ರ ಆಗಸ್ಟ್ ತಿಂಗಳು ಮರೆಯುವಂಥದ್ದಲ್ಲ. 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾಗಿ ಅಧಿಕಾರ ವಹಿಸಿಕೊಂಡಿದ್ದ ರಾಮಕೃಷ್ಣ ಹೆಗಡೆ ಅವರು ಆ ತಿಂಗಳು ರಾಜೀನಾಮೆ ಕೊಟ್ಟರು. ಕಾರಣ, ದೂರವಾಣಿ ಕದ್ದಾಲಿಕೆಯ ಆರೋಪ. ರಾಜಕಾರಣಿಗಳೂ ಸೇರಿದಂತೆ ಹಲವರ ಸಂಭಾಷಣೆಗಳನ್ನು ರಾಜ್ಯದ ಪೊಲೀಸರು ಕೇಳಿಸಿಕೊಂಡಿದ್ದಾರೆ ಎಂಬ ವಿಷಯ ದೆಹಲಿಯ ಸಂಸತ್ತಿನವರೆಗೂ ಹೋಯಿತು. ಹೆಗಡೆ ನೈತಿಕ ಹೊಣೆ ಹೊತ್ತು ಕೆಳಗಿಳಿದರು. ಅವರ ಸ್ಥಾನಕ್ಕೆ ಎಸ್.ಆರ್. ಬೊಮ್ಮಾಯಿ ಬಂದರು.

ಇಂಥ ಪ್ರಕರಣ ಬಯಲಿಗೆ ಬಂದಾಗಲೆಲ್ಲ ಏಳುವ ಪ್ರಶ್ನೆಗಳು ಎರಡು. ಕೇಳಿಸಿಕೊಳ್ಳಲು ಆಜ್ಞೆ ಕೊಟ್ಟವರು ಯಾರು? ಯಾರ ಯಾರ ದೂರವಾಣಿಗೆ ಕಿವಿಯಿಟ್ಟರು? ಸರ್ಕಾರಗಳು ಉರುಳುವುದು ಈ ಎರಡು ಪ್ರಶ್ನೆಗಳ ಮೇಲೆಯೇ. ಆದರೆ ಮೂರನೆಯದೊಂದು ಪ್ರಶ್ನೆ ಉಂಟು. ಕೇಳಿಸಿಕೊಂಡ ಮಾತು ಆಮೇಲೆ ಎಲ್ಲಿ ಹೋಯಿತು? ಅದನ್ನು ಬರೆದುಕೊಂಡ ಹಾಳೆ ಯಾರ ಮೇಜಿನ ಮೇಲಿತ್ತು, ಎಷ್ಟು ಪ್ರತಿಗಳಾದವು, ಕೊನೆಗೆ ಸುಟ್ಟರೋ, ಬೀರುವಿನಲ್ಲಿ ಇಟ್ಟುಕೊಂಡರೋ? 1988ರಲ್ಲಿ ಈ ಪ್ರಶ್ನೆ ಕೇಳಿದ್ದರೆ ಉತ್ತರ ಹೇಳುವ ನಿಯಮವೇ ಭಾರತದ ಕಾನೂನು ಪುಸ್ತಕದಲ್ಲಿ ಇರಲಿಲ್ಲ. ಅಂಥ ನಿಯಮ ಹುಟ್ಟಿದ್ದು ಹೇಗೆ, ಹುಟ್ಟಿದ ಮೇಲೆ ಅದು ಎಷ್ಟು ದೂರ ನಡೆಯಿತು ಎಂಬುದು ತಿಳಿಯಬೇಕಾದ ಕಥೆ.

ತಂತಿಯ ಕಾಲದ ಕಾನೂನು

ಈ ಕಥೆ ಶುರುವಾಗುವುದು ದೂರವಾಣಿಯಿಂದಲ್ಲ, ತಂತಿಯಿಂದ. 1885ರ ಭಾರತೀಯ ತಂತಿ ಕಾಯಿದೆಯನ್ನು ಬ್ರಿಟಿಷ್ ಸರ್ಕಾರ ರೂಪಿಸಿದಾಗ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ಆರಂಭವಾಗಿ ಕೆಲವೇ ವರ್ಷಗಳಾಗಿದ್ದವು. ದೂರವಾಣಿಯೂ ಒಂದು ಬಗೆಯ ತಂತಿಯೇ ಎಂದು ಇಂಗ್ಲೆಂಡಿನ ನ್ಯಾಯಾಲಯ 1880ರಲ್ಲೇ ಹೇಳಿಬಿಟ್ಟಿತ್ತು. ಹಾಗಾಗಿ ತಂತಿಗೆಂದು ಬರೆದ ಕಾನೂನು ದೂರವಾಣಿಗೂ, ಮುಂದೆ ಮೊಬೈಲಿಗೂ ಅನ್ವಯವಾಯಿತು.

ತಂತಿ ಕಳಿಸುವುದೆಂದರೆ ಗುಟ್ಟಿನ ಮಾತಲ್ಲ. ಸಂದೇಶವನ್ನು ಈ ಕಡೆಯ ಗುಮಾಸ್ತ ಓದಬೇಕು, ಆ ಕಡೆಯ ಗುಮಾಸ್ತ ಬರೆದುಕೊಳ್ಳಬೇಕು. ಕಾನೂನು ಮಾಡಿದವರ ಕಣ್ಣಮುಂದೆ ಇದ್ದದ್ದು ಈ ಕಾಗದ. ಸಾರ್ವಜನಿಕ ತುರ್ತು ಒದಗಿದಾಗ ಅಥವಾ ಸಾರ್ವಜನಿಕ ಸುರಕ್ಷತೆಯ ಹಿತದೃಷ್ಟಿಯಿಂದ ಸರ್ಕಾರ ಸಂದೇಶವನ್ನು ತಡೆಹಿಡಿಯಬಹುದು, ತೆರೆದು ನೋಡಬಹುದು ಎಂದು 5ನೇ ಕಲಂ ಹೇಳಿತು. ಅಕ್ರಮವಾಗಿ ಕೇಳಿಸಿಕೊಳ್ಳುವವರಿಗೆ ಮೂರು ವರ್ಷದವರೆಗೆ ಸೆರೆವಾಸವೆಂದು ಮತ್ತೊಂದು ಕಲಂ ಹೇಳಿತು. ಸಕ್ರಮವಾಗಿ ಕೇಳಿಸಿಕೊಂಡದ್ದನ್ನು ಏನು ಮಾಡಬೇಕೆಂದು ಅದು ಹೇಳಲಿಲ್ಲ.

1972ರಲ್ಲಿ ಈ ಕಲಮನ್ನು ತಿದ್ದಿದರು. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಷ್ಟ್ರದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಶಾಂತಿ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆಯನ್ನು ತಡೆಯುವುದು, ಈ ಐದು ಕಾರಣಗಳಿಗೆ ಮಾತ್ರ ಆಜ್ಞೆ ಹೊರಡಿಸಬಹುದು, ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು ಎಂದಾಯಿತು. ಅಂದರೆ ಬಾಗಿಲು ಯಾವಾಗ ತೆರೆಯಬಹುದೆಂಬುದು ಸ್ಪಷ್ಟವಾಯಿತು. ಒಳಗೆ ಹೋದವರು ಹೇಗೆ ನಡೆದುಕೊಳ್ಳಬೇಕೆಂಬುದು ಆಗಲೂ ಅಸ್ಪಷ್ಟವಾಗಿಯೇ ಉಳಿಯಿತು. ಅನುಚಿತ ಆಲಿಕೆಯನ್ನು ತಡೆಯಲು ನಿಯಮ ರಚಿಸುವ ಅಧಿಕಾರವನ್ನು ಅದೇ ಕಾಯಿದೆಯ 7ನೇ ಕಲಂ ಕೇಂದ್ರ ಸರ್ಕಾರಕ್ಕೆ ಕೊಟ್ಟಿತ್ತು. ಅಧಿಕಾರವಿತ್ತು, ನಿಯಮ ಬರಲಿಲ್ಲ.

ಟೇಪು ಸಾಕ್ಷಿಯಾದಾಗ

ಕೇಳಿಸಿಕೊಂಡ ಮಾತಿನ ಬಗ್ಗೆ ನಮ್ಮ ನ್ಯಾಯಾಲಯಗಳು ತಲೆ ಕೆಡಿಸಿಕೊಂಡದ್ದು ಮೊದಲು ಖಾಸಗಿತನದ ಕಾರಣಕ್ಕಲ್ಲ. ಟೇಪನ್ನು ನಂಬಬಹುದೇ ಎಂಬ ಕಾರಣಕ್ಕೆ.

ಬೊಂಬಾಯಿಯ ಒಂದು ಪ್ರಕರಣ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ನಗರಪಾಲಿಕೆಯ ಗುಮಾಸ್ತರೊಬ್ಬರಿಗೆ ಲಂಚ ಕೊಡಲು ಬಂದವನನ್ನು ಹಿಡಿಯಲು ಪೊಲೀಸರು ಗುಮಾಸ್ತರ ಮನೆಯಲ್ಲೇ ಮೈಕ್ರೊಫೋನ್ ಬಚ್ಚಿಟ್ಟರು. ಒಳಕೋಣೆಯಲ್ಲಿ ಟೇಪ್ ರೆಕಾರ್ಡರ್ ತಿರುಗುತ್ತಿತ್ತು. ಯೂಸುಫಲ್ಲಿ ನಾಗ್ರಿ ಪ್ರಕರಣವೆಂದು ಹೆಸರಾದ ಇದರಲ್ಲಿ 1967ರಲ್ಲಿ ಸುಪ್ರೀಂ ಕೋರ್ಟು ಟೇಪನ್ನು ಸಾಕ್ಷ್ಯವಾಗಿ ಒಪ್ಪಿತು, ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟಿತು. ಟೇಪಿನ ಮಾತನ್ನು ಅಳಿಸಬಹುದು, ಅದೇ ಜಾಗದಲ್ಲಿ ಬೇರೆ ಮಾತು ಸೇರಿಸಬಹುದು. ಆದ್ದರಿಂದ ಯಾವಾಗ, ಎಲ್ಲಿ ಧ್ವನಿಮುದ್ರಣವಾಯಿತೆಂಬುದನ್ನು ಬಲ್ಲವರು ಸಾಕ್ಷಿ ಹೇಳಬೇಕು, ಧ್ವನಿ ಯಾರದೆಂದು ಗುರುತಿಸಬೇಕು, ಕೈವಾಡ ನಡೆದಿರುವ ಸಾಧ್ಯತೆಯನ್ನು ಅಲ್ಲಗಳೆಯಬೇಕು. ಆ ಟೇಪಿಗೆ ಪೊಲೀಸರು ಮೊಹರು ಹಾಕಿರಲಿಲ್ಲ. ಅಂಥ ಲೋಪ ಸಂಶಯಕ್ಕೆ ದಾರಿ ಮಾಡುತ್ತದೆಂದು ನ್ಯಾಯಾಲಯ ಬೊಟ್ಟು ಮಾಡಿತು. ಮಹಜರು ಬರೆದು ಅರಗಿನ ಮೊಹರು ಒತ್ತುವ ಹಳೆಯ ಪದ್ಧತಿ ಹೀಗೆ ಧ್ವನಿಗೂ ಬಂತು.

ಐದು ವರ್ಷಗಳ ನಂತರ, 1972ರಲ್ಲಿ, ಬೊಂಬಾಯಿಯದೇ ಮತ್ತೊಂದು ಪ್ರಕರಣ ಬಂತು. ಅಲ್ಲಿನ ಕರೋನರ್, ಎಂದರೆ ಅಸಹಜ ಸಾವುಗಳ ವಿಚಾರಣಾಧಿಕಾರಿ, ಲಂಚ ಕೇಳಿದ್ದಾರೆಂಬುದು ದೂರು. ವೈದ್ಯರೊಬ್ಬರ ಒಪ್ಪಿಗೆ ಪಡೆದು ಅವರ ದೂರವಾಣಿಗೆ ಪೊಲೀಸರು ಧ್ವನಿಮುದ್ರಣ ಯಂತ್ರ ಜೋಡಿಸಿದ್ದರು. ಒಬ್ಬ ಮಾತುಗಾರನ ಒಪ್ಪಿಗೆ ಇದ್ದುದರಿಂದ ತಂತಿ ಕಾಯಿದೆಯ ಉಲ್ಲಂಘನೆಯಾಗಿಲ್ಲ ಎಂದ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಕ್ರಮವಾಗಿ ಸಂಪಾದಿಸಿದ ಸಾಕ್ಷ್ಯವಾದರೂ ವಿಷಯಕ್ಕೆ ಸಂಬಂಧಪಟ್ಟಿದ್ದರೆ ಒಪ್ಪಬಹುದು ಎಂದಿತು. ಮಲ್ಕಾನಿ ಪ್ರಕರಣದ ಈ ಮಾತು ಮುಂದಿನ ಅರ್ಧ ಶತಮಾನ ಪೊಲೀಸರಿಗೆ ಆಸರೆಯಾಯಿತು. ಕೇಳಿಸಿಕೊಳ್ಳುವಾಗ ನಿಯಮ ಮುರಿದರೂ ಕೇಳಿಸಿಕೊಂಡದ್ದು ವ್ಯರ್ಥವಾಗುವುದಿಲ್ಲ ಎಂಬುದು ಅದರ ಒಟ್ಟು ಅರ್ಥ.

ಲೆಕ್ಕವೇ ಇಲ್ಲದ ಲೆಕ್ಕ

ಇತ್ತ ದೆಹಲಿಯಲ್ಲೂ ರಾಜಕಾರಣಿಗಳ ದೂರವಾಣಿ ಕದ್ದಾಲಿಕೆಯ ಗದ್ದಲ ಎದ್ದಿತ್ತು. ಕೇಂದ್ರೀಯ ತನಿಖಾ ದಳ, ಅಂದರೆ ಸಿಬಿಐ, ತನಿಖೆ ನಡೆಸಿತು. ಅದರ ವರದಿಯ ವಿವರಗಳು 1991ರ ಮಾರ್ಚ್‌ನಲ್ಲಿ 'ಮೇನ್‌ಸ್ಟ್ರೀಮ್' ಪತ್ರಿಕೆಯಲ್ಲಿ ಅಚ್ಚಾದವು.

ಆ ವರದಿ ಹೇಳಿದ್ದು ಬೇಹುಗಾರಿಕೆಯ ರೋಚಕ ಕಥೆಯನ್ನಲ್ಲ, ಕಚೇರಿಯ ಅವ್ಯವಸ್ಥೆಯನ್ನು. ದೂರವಾಣಿ ಸೇವೆ ನೀಡುತ್ತಿದ್ದ ಮಹಾನಗರ ಟೆಲಿಫೋನ್ ನಿಗಮದ ಕಡತಗಳನ್ನು ಜಾಲಾಡಿದಾಗ, 133 ಪ್ರಕರಣಗಳಲ್ಲಿ ಅನುಮತಿಯ ಅವಧಿ ಮುಗಿದ ಮೇಲೂ ಆಲಿಕೆ ಮುಂದುವರಿದಿತ್ತು. 111 ಪ್ರಕರಣಗಳಲ್ಲಿ ಅದು 180 ದಿನ ಮೀರಿತ್ತು, ಹಾಗೆ ಮೀರಲು ಸರ್ಕಾರದ ಒಪ್ಪಿಗೆ ಪಡೆದಿರಲಿಲ್ಲ. 279 ದೂರವಾಣಿ ಸಂಖ್ಯೆಗಳಿಗೆ ಅನುಮತಿ ಪತ್ರಗಳಿದ್ದವು, ಆದರೆ ನಿಗಮ ಕೊಟ್ಟ ಪಟ್ಟಿಯಲ್ಲಿ ಅವುಗಳ ಹೆಸರೇ ಇರಲಿಲ್ಲ. ಕೆಲವಕ್ಕೆ ಆಲಿಕೆ ನಡೆದಿತ್ತು, ಅನುಮತಿ ಪತ್ರ ಸಿಗಲಿಲ್ಲ. ಕಡತಗಳನ್ನು ಸರಿಯಾಗಿ ಇಟ್ಟಿರಲಿಲ್ಲ. ಹಳ್ಳಿಯ ಸಹಕಾರ ಸಂಘದ ಸಾಲದ ಪುಸ್ತಕಕ್ಕಿದ್ದಷ್ಟು ಶಿಸ್ತೂ ನಾಗರಿಕರ ಗುಟ್ಟಿನ ಮಾತಿನ ಲೆಕ್ಕಕ್ಕೆ ಇರಲಿಲ್ಲ ಎನ್ನಬೇಕು.

ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ ಈ ವರದಿಯನ್ನು ಹಿಡಿದುಕೊಂಡು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ನ್ಯಾಯಮೂರ್ತಿಗಳಾದ ಕುಲದೀಪ್ ಸಿಂಗ್ ಮತ್ತು ಎಸ್. ಸಗೀರ್ ಅಹ್ಮದ್ 1996ರ ಡಿಸೆಂಬರ್ 18ರಂದು ತೀರ್ಪು ಕೊಟ್ಟರು. ಮನೆಯಲ್ಲೋ ಕಚೇರಿಯಲ್ಲೋ ಕುಳಿತು ಯಾರ ಅಡ್ಡಿಯೂ ಇಲ್ಲದೆ ದೂರವಾಣಿಯಲ್ಲಿ ಮಾತಾಡುವ ಹಕ್ಕು ಖಾಸಗಿ ಬದುಕಿನ ಹಕ್ಕೇ ಎಂದು ತೀರ್ಪು ಸಾರಿತು. ಸಂವಿಧಾನದ 21ನೇ ವಿಧಿಯ ರಕ್ಷಣೆ ಅದಕ್ಕುಂಟು. ಅದನ್ನು ಕಸಿಯಬೇಕಾದರೆ ನ್ಯಾಯಯುತವಾದ ಕ್ರಮವೊಂದು ಕಾನೂನಿನಲ್ಲಿ ಇರಬೇಕು. ಆ ಕ್ರಮವೇ ಇಲ್ಲವಲ್ಲ! ಸರ್ಕಾರ ನಿಯಮ ರಚಿಸುವವರೆಗೆ ಇರಲಿ ಎಂದು ನ್ಯಾಯಾಲಯ ತಾನೇ ಮಾರ್ಗಸೂಚಿ ಬರೆಯಿತು.

ಇದಕ್ಕೆ ಹೊರಗಿನ ಮಾದರಿಯೂ ಒಂದಿತ್ತು. ಇಂಗ್ಲೆಂಡಿನಲ್ಲಿ ಹಳೆಯ ವಸ್ತುಗಳ ವ್ಯಾಪಾರಿ ಮ್ಯಾಲೋನ್ ಎಂಬಾತನ ದೂರವಾಣಿಗೆ ಪೊಲೀಸರು ಕಿವಿಯಿಟ್ಟ ವಿಷಯ ಕಳ್ಳಮಾಲಿನ ವಿಚಾರಣೆಯ ನಡುವೆ ಹೊರಬಿದ್ದಿತ್ತು. ಅಧಿಕಾರಿಗಳ ಅಧಿಕಾರದ ಮಿತಿಯನ್ನು ನಿಮ್ಮ ಕಾನೂನು ಸ್ಪಷ್ಟವಾಗಿ ಹೇಳುವುದಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1984ರಲ್ಲಿ ಆ ದೇಶಕ್ಕೆ ಹೇಳಿತು. ಮರುವರ್ಷವೇ ಅಲ್ಲಿ ಹೊಸ ಕಾಯಿದೆ ಬಂತು. ಭಾರತದ ಮಾರ್ಗಸೂಚಿಯಲ್ಲಿ ಆ ಕಾಯಿದೆಯ ಛಾಯೆ ಎದ್ದು ಕಾಣುತ್ತದೆ.

ಐದು ಕಲಮಿನ ಲೆಕ್ಕ

1996ರ ಮಾರ್ಗಸೂಚಿಯಲ್ಲಿ ಹೆಚ್ಚು ಪ್ರಚಾರ ಪಡೆದದ್ದು ಅದರ ಮೊದಲ ಭಾಗ. ಆಲಿಕೆಯ ಆಜ್ಞೆಯನ್ನು ಕೇಂದ್ರ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯೇ ಹೊರಡಿಸಬೇಕು. ತುರ್ತು ಸಂದರ್ಭದಲ್ಲಿ ಜಂಟಿ ಕಾರ್ಯದರ್ಶಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಗೆ ಅದನ್ನು ವಹಿಸಬಹುದು. ಬೇರೆ ದಾರಿಯಿಂದ ಮಾಹಿತಿ ಸಿಗುವುದೇ ಎಂದು ಮೊದಲು ಯೋಚಿಸಬೇಕು. ಆಜ್ಞೆಯ ಆಯಸ್ಸು ಎರಡು ತಿಂಗಳು; ನವೀಕರಿಸಿದರೂ ಒಟ್ಟು ಆರು ತಿಂಗಳು ಮೀರಬಾರದು.

ನಿಜವಾಗಿ ಹೊಸದಾಗಿದ್ದದ್ದು ಎರಡನೆಯ ಭಾಗ. ಕೇಳಿಸಿಕೊಂಡ ಮಾತಿಗೆ ಲೆಕ್ಕವಿಡಬೇಕೆಂದು ನ್ಯಾಯಾಲಯ ಹೇಳಿತು. ಯಾವ ಸಂಭಾಷಣೆಯನ್ನು ಆಲಿಸಲಾಯಿತು, ಅದರಲ್ಲಿ ಎಷ್ಟನ್ನು ಇತರರಿಗೆ ತಿಳಿಸಲಾಯಿತು, ತಿಳಿದವರು ಎಷ್ಟು ಜನ ಮತ್ತು ಯಾರು, ಎಷ್ಟು ಭಾಗವನ್ನು ನಕಲು ಮಾಡಲಾಯಿತು, ಎಷ್ಟು ಪ್ರತಿಗಳಾದವು. ಈ ಐದನ್ನೂ ದಾಖಲಿಸಬೇಕು. ಬಳಕೆ ಅಗತ್ಯವಿದ್ದಷ್ಟಕ್ಕೇ ಸೀಮಿತವಾಗಬೇಕು. ಇಟ್ಟುಕೊಳ್ಳುವ ಅಗತ್ಯ ತೀರಿದೊಡನೆ ಪ್ರತಿಯೊಂದು ನಕಲನ್ನೂ ನಾಶಪಡಿಸಬೇಕು.

ಮೇಲ್ವಿಚಾರಣೆಗೆ ಪರಿಶೀಲನಾ ಸಮಿತಿಗಳು ಬಂದವು. ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ ಮತ್ತು ಇನ್ನೊಬ್ಬ ಸದಸ್ಯ. ಆಜ್ಞೆ ಕಾನೂನಿಗೆ ವಿರುದ್ಧವೆಂದು ಕಂಡರೆ ಸಮಿತಿ ಅದನ್ನು ರದ್ದು ಮಾಡಬೇಕು, ಸಂಗ್ರಹಿಸಿದ್ದನ್ನು ನಾಶಪಡಿಸಲು ಹೇಳಬೇಕು.

ಆಲಿಕೆಗೆ ಮೊದಲು ನ್ಯಾಯಾಧೀಶರ ಅನುಮತಿ ಬೇಕೆಂದು ಪಿಯುಸಿಎಲ್ ಪರ ವಕೀಲ ರಾಜಿಂದರ್ ಸಾಚಾರ್ ವಾದಿಸಿದ್ದರು. ಕಾಯಿದೆಯಲ್ಲೇ ಅದಕ್ಕೆ ಅವಕಾಶವಿಲ್ಲವೆಂದು ನ್ಯಾಯಾಲಯ ಒಪ್ಪಲಿಲ್ಲ. ಹಾಗಾಗಿ ಆಜ್ಞೆ ಕೊಡುವವರೂ ಅಧಿಕಾರಿಗಳೇ, ಅದನ್ನು ಪರಿಶೀಲಿಸುವವರೂ ಅಧಿಕಾರಿಗಳೇ ಎಂಬ ವ್ಯವಸ್ಥೆ ಉಳಿದುಕೊಂಡಿತು.

ಮಾರ್ಗಸೂಚಿ 1999ರಲ್ಲಿ ತಂತಿ ನಿಯಮಗಳ 419-ಎ ಆಗಿ ಸೇರ್ಪಡೆಯಾಯಿತು. 2007ರಲ್ಲಿ ಅದು ಇನ್ನಷ್ಟು ವಿಸ್ತಾರವಾಯಿತು. ಆಲಿಕೆಯ ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶಪಡಿಸಬೇಕು, ಕಾರ್ಯನಿರ್ವಹಣೆಗೆ ಅಗತ್ಯವಿದ್ದರೆ ಮಾತ್ರ ಉಳಿಸಿಕೊಳ್ಳಬಹುದು ಎಂಬ ಗಡುವು ಬಂತು. ದೂರವಾಣಿ ಕಂಪೆನಿಗಳು ತಮ್ಮಲ್ಲಿರುವ ಆಜ್ಞಾಪತ್ರಗಳ ದಾಖಲೆಯನ್ನು ಆಲಿಕೆ ನಿಂತ ಎರಡು ತಿಂಗಳೊಳಗೆ ಅಳಿಸಬೇಕು. ಕಂಪ್ಯೂಟರ್ ಮೂಲಕ ಹೋಗುವ ಮಾಹಿತಿಗೆ 2009ರಲ್ಲಿ ಇದೇ ಬಗೆಯ ಪ್ರತ್ಯೇಕ ನಿಯಮಗಳು ಬಂದವು.

ಸುಡುವುದೋ, ಇಡುವುದೋ?

ಮೇಲ್ನೋಟಕ್ಕೆ ಇದು ನಾಗರಿಕನ ಪರವಾದ ನಿಯಮ. ಗುಟ್ಟಿನ ಮಾತು ಸರ್ಕಾರದ ಬೀರುವಿನಲ್ಲಿ ವರ್ಷಗಟ್ಟಲೆ ಕೊಳೆಯುವುದಕ್ಕಿಂತ ಸುಟ್ಟುಹೋಗುವುದೇ ಮೇಲಲ್ಲವೇ? ಆದರೆ ಬೆಂಕಿಗೆ ಬಿದ್ದದ್ದು ಮಾತೊಂದೇ ಅಲ್ಲ, ಕೇಳಿಸಿಕೊಂಡದ್ದರ ಗುರುತೂ ಹೌದು. ಆಜ್ಞೆಯೇ ಅಕ್ರಮವಾಗಿದ್ದರೆ, ಆರು ತಿಂಗಳ ನಂತರ ಅದನ್ನು ತೋರಿಸಿಕೊಡಲು ಏನು ಉಳಿದಿರುತ್ತದೆ? ನಿನ್ನ ದೂರವಾಣಿಗೆ ಕಿವಿಯಿಟ್ಟಿದ್ದೆವು ಎಂದು ಆ ವ್ಯಕ್ತಿಗೆ ತಿಳಿಸಬೇಕೆಂಬ ನಿಯಮವೂ ಇಲ್ಲಿಲ್ಲ. ಗೊತ್ತಿಲ್ಲದವನು ದೂರು ಕೊಡುವುದಾದರೂ ಹೇಗೆ?

ಅಮೆರಿಕ ಈ ಪ್ರಶ್ನೆಗೆ ಬೇರೆಯೇ ಉತ್ತರ ಕೊಟ್ಟಿತು. ಲಾಸ್ ಏಂಜಲೀಸ್ ನಗರದ ಸಾರ್ವಜನಿಕ ದೂರವಾಣಿ ಗೂಡಿಗೆ ಹೊರಗಿನಿಂದ ಆಲಿಕೆಯ ಯಂತ್ರ ಅಂಟಿಸಿದ್ದ ಎಫ್‌ಬಿಐ ಪೊಲೀಸರನ್ನು ಅಲ್ಲಿನ ಸುಪ್ರೀಂ ಕೋರ್ಟು 1967ರಲ್ಲಿ ತಪ್ಪಿತಸ್ಥರೆಂದಿತು. ಮರುವರ್ಷ ಬಂದ ಕಾಯಿದೆಯ ಪ್ರಕಾರ ಆಲಿಕೆಗೆ ಅನುಮತಿ ಕೊಡುವವರು ನ್ಯಾಯಾಧೀಶರು. ಅವಧಿ ಮುಗಿದೊಡನೆ ಧ್ವನಿಮುದ್ರಣವನ್ನು ನ್ಯಾಯಾಧೀಶರ ಮುಂದಿಟ್ಟು ಮೊಹರು ಮಾಡಬೇಕು, ಹತ್ತು ವರ್ಷ ಇಡಬೇಕು. ಅವರ ಆಜ್ಞೆಯಿಲ್ಲದೆ ನಾಶ ಮಾಡುವಂತಿಲ್ಲ. ಸಾಮಾನ್ಯವಾಗಿ 90 ದಿನಗಳೊಳಗೆ ಸಂಬಂಧಪಟ್ಟ ವ್ಯಕ್ತಿಗೆ ತಿಳಿಸಬೇಕು. ಕಾನೂನು ಮೀರಿ ಕೇಳಿಸಿಕೊಂಡ ಮಾತು ಸಾಕ್ಷ್ಯವಾಗುವುದಿಲ್ಲ.

ಒಂದು ದೇಶ ಸುಡು ಎಂದಿತು, ಇನ್ನೊಂದು ಮೊಹರು ಹಾಕಿ ಇಡು ಎಂದಿತು. ಮೊದಲನೆಯದರಲ್ಲಿ ಮಾತು ಸೋರುವ ಭಯ ಕಡಿಮೆ, ಎರಡನೆಯದರಲ್ಲಿ ತಪ್ಪು ಮುಚ್ಚಿಹೋಗುವ ಭಯ ಕಡಿಮೆ. ಆದರೆ ಇಡುವವರು ಪೊಲೀಸರಲ್ಲ, ನ್ಯಾಯಾಲಯ ಎಂಬುದೇ ಇಲ್ಲಿನ ಮುಖ್ಯ ವ್ಯತ್ಯಾಸ.

ನ್ಯಾಯಾಲಯಗಳ ಜಗ್ಗಾಟ

ನಿಯಮ ಬಂದಾಯಿತು. ಮುರಿದರೆ ಏನು ಎಂಬುದು ಮುಂದಿನ ತಕರಾರು. ಸಂಸತ್ ಭವನದ ಮೇಲಿನ ದಾಳಿಯ ಮೊಕದ್ದಮೆಯಲ್ಲಿ 2005ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು ಮಲ್ಕಾನಿಯ ದಾರಿಯನ್ನೇ ಹಿಡಿಯಿತು. ತಂತಿ ಕಾಯಿದೆಯ ನಿಯಮ ಪಾಲನೆಯಲ್ಲಿ ಲೋಪವಾಗಿದ್ದ ಮಾತ್ರಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ ಎಂದಿತು.

ಗಾಳಿ ಬದಲಾದದ್ದು 2017ರಲ್ಲಿ. ಅದಕ್ಕೆ ಕಾರಣರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಅವರು ಹೂಡಿದ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರಲ್ಲಿ ನಿಧನರಾದರು. ಅವರ ಹೆಸರು ಮಾತ್ರ ದೇಶದ ಉದ್ದಗಲಕ್ಕೂ ನ್ಯಾಯಾಲಯಗಳಲ್ಲಿ ಈಗಲೂ ಕೇಳಿಬರುತ್ತದೆ.

ಈ ತೀರ್ಪನ್ನು ಆಧರಿಸಿ ಬೊಂಬಾಯಿ ಹೈಕೋರ್ಟು 2019ರಲ್ಲಿ ಒಂದು ಲಂಚ ಪ್ರಕರಣದ ಮೂರು ಆಲಿಕೆ ಆಜ್ಞೆಗಳನ್ನು ರದ್ದು ಮಾಡಿತು. ಲಂಚದ ಆರೋಪ ಎಷ್ಟೇ ಗಂಭೀರವಾಗಿರಲಿ, ಅದು ಸಾರ್ವಜನಿಕ ತುರ್ತೂ ಅಲ್ಲ, ಸಾರ್ವಜನಿಕ ಸುರಕ್ಷತೆಯ ವಿಷಯವೂ ಅಲ್ಲ ಎಂದು ಹೇಳಿ, ಧ್ವನಿಮುದ್ರಣದ ನಾಶಕ್ಕೂ ಆದೇಶಿಸಿತು. 2025ರಲ್ಲಿ ಮದರಾಸು ಹೈಕೋರ್ಟು ಇದೇ ದಾರಿಯಲ್ಲಿ ನಡೆಯಿತು. ಅದೇ ವರ್ಷ ದೆಹಲಿ ಹೈಕೋರ್ಟು ದೊಡ್ಡ ಮೊತ್ತದ ಭ್ರಷ್ಟಾಚಾರ ಸಾರ್ವಜನಿಕ ಸುರಕ್ಷತೆಗೂ ಧಕ್ಕೆ ತರಬಲ್ಲದು ಎಂದು ಆಲಿಕೆಯನ್ನು ಎತ್ತಿಹಿಡಿಯಿತು.

ಇದರ ನಡುವೆ ಹಳೆಯ ತಂತಿ ಕಾಯಿದೆಯೇ ಪಕ್ಕಕ್ಕೆ ಸರಿಯಿತು. ಅದರ ಜಾಗಕ್ಕೆ 2023ರ ದೂರಸಂಪರ್ಕ ಕಾಯಿದೆ ಬಂತು. ಅದರಡಿ 2024ರ ಡಿಸೆಂಬರ್‌ನಲ್ಲಿ ಆಲಿಕೆಯ ಹೊಸ ನಿಯಮಗಳು ಹೊರಬಿದ್ದವು. ಎರಡು ತಿಂಗಳ ಆಯಸ್ಸು, ಆರು ತಿಂಗಳ ಮಿತಿ, ಆರು ತಿಂಗಳಿಗೊಮ್ಮೆ ನಾಶ, ಅಧಿಕಾರಿಗಳದೇ ಪರಿಶೀಲನಾ ಸಮಿತಿ ಎಲ್ಲವೂ ಹಾಗೆಯೇ ಇವೆ. ಆದರೆ ಒಂದು ಮಾತು ಹೊಸದು. ತುರ್ತಿನಲ್ಲಿ ಪೊಲೀಸ್ ಅಧಿಕಾರಿಯೇ ಹೊರಡಿಸಿದ ಆಜ್ಞೆಗೆ ಏಳು ಕೆಲಸದ ದಿನಗಳೊಳಗೆ ಗೃಹ ಕಾರ್ಯದರ್ಶಿಯ ಒಪ್ಪಿಗೆ ಸಿಗದಿದ್ದರೆ ಆಲಿಕೆ ನಿಲ್ಲಬೇಕು, ಅದರಲ್ಲಿ ಕೇಳಿಸಿಕೊಂಡದ್ದನ್ನು ನ್ಯಾಯಾಲಯದ ಸಾಕ್ಷ್ಯವೂ ಸೇರಿದಂತೆ ಯಾವುದಕ್ಕೂ ಬಳಸಬಾರದು, ಪ್ರತಿಗಳನ್ನು ಎರಡು ಕೆಲಸದ ದಿನಗಳೊಳಗೆ ನಾಶ ಮಾಡಬೇಕು. ನಿಯಮ ಮುರಿದರೆ ಕೇಳಿಸಿಕೊಂಡದ್ದು ವ್ಯರ್ಥವಾಗುತ್ತದೆ ಎಂಬ ಮಾತು ಹೀಗೆ ಒಂದು ಚಿಕ್ಕ ಮೂಲೆಯಲ್ಲಾದರೂ ಸೇರಿಕೊಂಡಿತು.

ಅರಗಿನ ಮೊಹರೂ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಂತೆ ಕಂಪ್ಯೂಟರಿನಲ್ಲಿರುವ ಧ್ವನಿ ಸಾಕ್ಷ್ಯವಾಗಿ ಬರಬೇಕಾದರೆ ಅದರ ಜೊತೆ ಪ್ರಮಾಣಪತ್ರ ಬೇಕು. ಆ ಪತ್ರದಲ್ಲಿ 'ಹ್ಯಾಶ್' ಎಂಬ ಉದ್ದನೆಯ ಅಂಕಿ-ಅಕ್ಷರದ ಸಾಲು ಇರಬೇಕು. ಧ್ವನಿಯ ಕಡತದಲ್ಲಿ ಒಂದೇ ಒಂದು ಉಸಿರನ್ನು ಕತ್ತರಿಸಿದರೂ ಆ ಸಾಲು ಬದಲಾಗುತ್ತದೆ. ಯೂಸುಫಲ್ಲಿ ಪ್ರಕರಣದಲ್ಲಿ ಇಲ್ಲದೇ ಹೋದ ಮೊಹರಿನ ಕೆಲಸವನ್ನು ಇಂದು ಅದು ಮಾಡುತ್ತದೆ.

ಹೀಗೆ ನೋಡಿದರೆ ಹೆಗಡೆಯವರ ರಾಜೀನಾಮೆಯ ನಂತರದ ದಾರಿ ಚಿಕ್ಕದೇನಲ್ಲ. ಅಂದು ನಿಯಮವೇ ಇರಲಿಲ್ಲ. ಇಂದು ಗಡುವಿದೆ, ಲೆಕ್ಕದ ಪುಸ್ತಕವಿದೆ, ಸಮಿತಿಯಿದೆ. ಆದರೆ ಆ ಪುಸ್ತಕವನ್ನು ಬರೆಯುವವರು, ತಿದ್ದುವವರು, ಕೊನೆಗೆ ಸುಡುವವರು ಎಲ್ಲರೂ ಒಂದೇ ಸರ್ಕಾರದ ಸೂರಿನಡಿ ಇರುವವರು. ಯಾರ ಮಾತನ್ನು ಕೇಳಿಸಿಕೊಂಡರೋ ಆತನಿಗೆ ಅದನ್ನು ನೋಡುವ ಅವಕಾಶ ಸಿಗುವುದು ಮೊಕದ್ದಮೆ ನ್ಯಾಯಾಲಯಕ್ಕೆ ಬಂದಾಗ ಮಾತ್ರ. ಮೊಕದ್ದಮೆಯೇ ಆಗದ ಸಾಮಾನ್ಯನಿಗೆ ತನ್ನ ಮಾತು ಯಾರ ಕಿವಿಗೆ ಬಿತ್ತು, ಯಾವ ದಿನ ಬೂದಿಯಾಯಿತು ಎಂಬುದು ತಿಳಿಯುವುದೇ ಇಲ್ಲ. ಗೋಡೆಗೂ ಕಿವಿಯುಂಟು ಎಂದು ಹಿರಿಯರು ಎಚ್ಚರಿಸುತ್ತಿದ್ದರು. ಆ ಕಿವಿಗೆ ಈಗ ನಿಯಮ ಬಂದಿದೆ. ಅದು ಏನು ಕೇಳಿಸಿಕೊಂಡಿತೆಂದು ಕೇಳುವ ಹಕ್ಕು ಮಾತಾಡಿದವನಿಗೆ ಇನ್ನೂ ಬಂದಿಲ್ಲ.